ಹೆರಿಗೆ ಕೋಣೆಯ ಇಂಜೆಕ್ಷನ್ನೂ ಹಾಲು ಕುಡಿಯದ ಕೂಸೂ

ಹೆರಿಗೆಯಾಗಿ ಮನೆಗೆ ಹೊರಡುವಾಗ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಗುವಿನ ತೂಕ, ಹುಟ್ಟಿದ ಗಳಿಗೆ ಬರೆದಿರುವ ಕಡೆಯೇ ‘ಅಪ್ಗಾರ್’ ಎಂದು ಒಂದು ಸಾಲಿರುತ್ತದೆ. ಅದರ ಎದುರಿಗೆ ಎರಡು ಅಂಕಿ, ಹೆಚ್ಚಾಗಿ 8 ಮತ್ತು 9. ತೂಕವನ್ನು ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತೇವೆ. ಗಳಿಗೆಯನ್ನು ಜೋಯಿಸರಿಗೆ ತಲುಪಿಸುತ್ತೇವೆ. ಈ ಎರಡು ಅಂಕಿ ಏನು ಹೇಳುತ್ತವೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಅಪ್ಗಾರ್ ಎನ್ನುವುದು ಒಬ್ಬ ಡಾಕ್ಟರಮ್ಮನ ಹೆಸರು. ವರ್ಜೀನಿಯಾ ಅಪ್ಗಾರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞೆಯಾಗಿದ್ದವರು. ಸರ್ಜನ್ ಆಗಲು ಓದಿದವರು. ಹೆಂಗಸಿಗೆ ಆ ಕೆಲಸದಲ್ಲಿ ನೆಲೆ ಸಿಗುವುದು ಕಷ್ಟ ಎಂದು ಹಿರಿಯರು ಹೇಳಿದ ಮೇಲೆ ಅರಿವಳಿಕೆಯ ಕಡೆ ಬಂದವರು. 1952ರಲ್ಲಿ ಅವರು ಹೊಸ ಕೂಸನ್ನು ಅಳೆಯುವ ಒಂದು ಕ್ರಮ ಮುಂದಿಟ್ಟರು, ಮರುವರ್ಷ ಅದು ಅಚ್ಚಾಯಿತು. ಎದೆಬಡಿತ, ಉಸಿರಾಟ, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಕಿವುಚುತ್ತದೋ ಇಲ್ಲವೋ, ಮೈಬಣ್ಣ. ಈ ಐದಕ್ಕೂ ಸೊನ್ನೆ, ಒಂದು ಅಥವಾ ಎರಡು. ಎಲ್ಲ ಸೇರಿದರೆ ಹತ್ತು. ಈಗ ಹುಟ್ಟಿದ ಒಂದು ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಇನ್ನೊಮ್ಮೆ ನೋಡಿ ಬರೆಯುತ್ತಾರೆ.

ಇದನ್ನು ಮಾಡಿದ್ದು ಮಕ್ಕಳ ಡಾಕ್ಟರಲ್ಲ, ಅರಿವಳಿಕೆಯ ಡಾಕ್ಟರು ಎನ್ನುವುದೇ ನನಗೆ ಮುಖ್ಯವಾಗಿ ಕಂಡದ್ದು. ಆ ಕಾಲದ ಅಮೆರಿಕದ ಹೆರಿಗೆ ಕೋಣೆಗಳಲ್ಲಿ ತಾಯಿಗೆ ಮಂಪರಿನ ಮದ್ದು ಧಾರಾಳವಾಗಿ ಕೊಡುತ್ತಿದ್ದರು. ಮಗು ಮಂಕಾಗಿ, ಮೈ ಸಡಿಲಾಗಿ ಹುಟ್ಟಿದರೆ ‘ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ’ ಎಂದು ಪಕ್ಕಕ್ಕೆ ಮಲಗಿಸಿ ತಾಯಿಯ ಕಡೆ ತಿರುಗುತ್ತಿದ್ದರು. ತಾಯಿಗೆ ಕೊಟ್ಟದ್ದು ಮಗುವಿಗೆ ಏನು ಮಾಡುತ್ತಿದೆ ಎಂದು ಹೇಳಲು ಕೈಯಲ್ಲಿ ಅಳತೆಯೇ ಇರಲಿಲ್ಲ. ಅಳತೆ ಸಿಕ್ಕ ಮೇಲೆ ಅಪ್ಗಾರ್ ಮತ್ತು ಅವರ ಜತೆಯವರು ಹೊಕ್ಕುಳಬಳ್ಳಿಯ ರಕ್ತ ತೆಗೆದು ನೋಡಿದರು. ಸೈಕ್ಲೋಪ್ರೊಪೇನ್ ಎಂಬ ಅನಿಲ ಕೊಟ್ಟ ತಾಯಂದಿರ ಮಕ್ಕಳು, ಬೆನ್ನಿಗೆ ಅರಿವಳಿಕೆ ಕೊಟ್ಟ ತಾಯಂದಿರ ಮಕ್ಕಳಿಗಿಂತ ಮಂಕಾಗಿ ಹುಟ್ಟುತ್ತಿದ್ದುದು ಆಗ ಕಂಡಿತು.

ಅಂದರೆ ಹೆರಿಗೆ ನೋವಿಗೆ ಕೊಡುವ ಮದ್ದು ಕೂಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಇವತ್ತು ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. ಇಂದು ಲೋಕದಲ್ಲಿ ಹುಟ್ಟುವ ಬಹುಪಾಲು ಮಕ್ಕಳಿಗೆ ಹಾಕುವ ಅಂಕ ಆ ಪ್ರಶ್ನೆಯ ಬೆನ್ನು ಹತ್ತಿ ಬಂದದ್ದು. ಅದನ್ನು ಕೇಳುವ ಬಸುರಿಗೆ ‘ನಿಮಗ್ಯಾಕಮ್ಮ ಅದೆಲ್ಲ’ ಎನ್ನುವುದು ಸರಿಯಲ್ಲ. ‘ಬೆನ್ನಿಗೆ ಚುಚ್ಚಿಸಿಕೊಂಡರೆ ಮಗು ಮಂದವಾಗುತ್ತೆ’ ಎಂದು ಹೆದರಿಸುವುದೂ ಸರಿಯಲ್ಲ. ಉತ್ತರ ಯಾವ ಮದ್ದು, ಎಷ್ಟು, ಹೆರಿಗೆಗೆ ಎಷ್ಟು ಹೊತ್ತು ಮೊದಲು ಎನ್ನುವುದರ ಮೇಲಿದೆ. ಈ ಮೂರೂ ತಾಯಿಗೆ ಗೊತ್ತಿರಬೇಕು. ನಮ್ಮಲ್ಲಿ ಮೂರೂ ಗೊತ್ತಿರುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಮೊದಲು ಈಥರ್, ಅದೇ ವರ್ಷ ಕ್ಲೋರೋಫಾರ್ಮ್ ಕೊಟ್ಟರು. ನೋವಿನಿಂದಲೇ ಹೆರಬೇಕೆನ್ನುವುದು ದೇವರ ಆಜ್ಞೆ, ಅದನ್ನು ಮೀರಬಾರದು ಎಂಬ ಆಕ್ಷೇಪ ಬಂತು. 1853ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೊಪೋಲ್ಡ್‌ನನ್ನು ಹೆತ್ತಾಗ ಡಾಕ್ಟರ್ ಜಾನ್ ಸ್ನೋ ಕ್ಲೋರೋಫಾರ್ಮ್ ಕೊಟ್ಟರು. ರಾಣಿಯೇ ತೆಗೆದುಕೊಂಡ ಮೇಲೆ ಆಕ್ಷೇಪದ ದನಿ ತಗ್ಗಿತು. ಇದೇ ಜಾನ್ ಸ್ನೋ, ತಾಯಿಗೆ ಈಥರ್ ಕೊಟ್ಟ ಮೇಲೆ ಹುಟ್ಟಿದ ಕೂಸಿನ ಉಸಿರಿನಲ್ಲಿ ಈಥರಿನ ವಾಸನೆ ಬರುವುದನ್ನು ಗಮನಿಸಿದ್ದರು. ಯಾವ ಯಂತ್ರವೂ ಬೇಕಾಗಲಿಲ್ಲ, ಮೂಗೇ ಸಾಕಾಯಿತು. 1870ರ ದಶಕದಲ್ಲಿ ಪಾಲ್ ಝ್ವೈಫೆಲ್ ಎಂಬ ಡಾಕ್ಟರು, ತಾಯಿಗೆ ಕೊಟ್ಟ ಕ್ಲೋರೋಫಾರ್ಮ್ ಮಗುವಿನ ಮೈಗೂ ಸೇರುತ್ತದೆ ಎಂದು ಪರೀಕ್ಷೆ ಮಾಡಿಯೇ ತೋರಿಸಿದರು. ಮಾಸು ಎಲ್ಲವನ್ನೂ ತಡೆಯುತ್ತದೆ, ಮಗು ಒಳಗೆ ಭದ್ರವಾಗಿದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1906ರ ಹೊತ್ತಿಗೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕ್ರೋನಿಗ್ ಮತ್ತು ಗೌಸ್ ಎಂಬಿಬ್ಬರು ಮಾರ್ಫಿನ್ ಜತೆ ಸ್ಕೊಪೊಲಮಿನ್ ಕೊಡುವ ಕ್ರಮವನ್ನು ಹೆಸರುವಾಸಿ ಮಾಡಿದರು. ಹೆಂಗಸು ಬೇನೆ ತಿನ್ನುತ್ತಾಳೆ, ಕೂಗುತ್ತಾಳೆ. ಎಚ್ಚರಾದ ಮೇಲೆ ಒಂದೂ ನೆನಪಿರುವುದಿಲ್ಲ. ಅಮೆರಿಕದ ಹೆಂಗಸರು 1914ರಲ್ಲಿ ಇದು ತಮಗೂ ಬೇಕೆಂದು ಸಂಘವನ್ನೇ ಕಟ್ಟಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಹೆರಿಗೆ ನೋವಿನಲ್ಲಿ ಒಮ್ಮೆ ಹೊರಳಾಡಿದವರು ಯಾರೂ ದೂರಲಾರರು. ಆದರೆ ಆ ಮಂಪರಿನ ಬೆಲೆಯಲ್ಲಿ ಒಂದು ಪಾಲು ತೆತ್ತದ್ದು ಮಕ್ಕಳು. ಹುಟ್ಟಿದವು ಅಳುತ್ತಿರಲಿಲ್ಲ, ಉಸಿರೆಳೆಯಲು ಒದ್ದಾಡುತ್ತಿದ್ದವು.

ಆಮೇಲೆ ಬಂದದ್ದು ಪೆಥಿಡಿನ್, ಮಾರ್ಫಿನ್ ಜಾತಿಯದೇ ನೋವಿನ ಮದ್ದು. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲೇ ತಯಾರಾದದ್ದು. ತೊಡೆಗೋ ಸೊಂಟಕ್ಕೋ ಒಂದು ಚುಚ್ಚು, ಅಷ್ಟೇ. ಅರಿವಳಿಕೆ ಡಾಕ್ಟರು ಬೇಡ, ಯಂತ್ರ ಬೇಡ. 1950ರಿಂದ ಬ್ರಿಟನ್ನಿನ ಸೂಲಗಿತ್ತಿ ನರ್ಸ್‌ಗಳಿಗೂ ಕೊಡಲು ಅನುಮತಿ ಸಿಕ್ಕಿತು. ಲೋಕವೆಲ್ಲ ಹರಡಿತು. ನಮ್ಮಲ್ಲಿ ಮಾದಕ ವಸ್ತುಗಳ ಕಾನೂನಿನ ಬಿಗಿಯಿಂದಾಗಿ ಪೆಥಿಡಿನ್ ಎಲ್ಲ ಕಡೆ ಇಡುವುದಿಲ್ಲ. ಅದರ ಜಾಗದಲ್ಲಿ ಟ್ರಮಡಾಲ್, ಇಲ್ಲವೇ ಪೆಂಟಜೋಸಿನ್ ಮತ್ತು ಪ್ರೊಮೆಥಜಿನ್ ಸೇರಿಸಿದ ಇಂಜೆಕ್ಷನ್. ವಾರ್ಡಿನಲ್ಲಿ ಸಿಸ್ಟರ್‌ಗಳು ‘ಫೋರ್ಟ್‌ವಿನ್–ಫೆನರ್ಗನ್’ ಎಂದು ಒಂದೇ ಉಸಿರಿಗೆ ಹೇಳುವುದು ಇದನ್ನೇ. ಮನೆಯವರಿಗೆ ಹೇಳುವಾಗ ಎಲ್ಲವೂ ‘ಒಂದು ಇಂಜೆಕ್ಷನ್ ಕೊಟ್ಟಿದೀವಿ, ಸ್ವಲ್ಪ ನಿದ್ದೆ ಬರುತ್ತೆ’.

ನಿದ್ದೆ ಬರುವುದು ತಾಯಿಗೆ ಮಾತ್ರವಲ್ಲ. ಈ ಮದ್ದುಗಳ ಕಣ ಸಣ್ಣದು, ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥದ್ದು. ಅಂಥವು ಮಾಸನ್ನು ಸಲೀಸಾಗಿ ದಾಟುತ್ತವೆ. ಇನ್ಸುಲಿನ್, ಹೆಪಾರಿನ್‌ನಂಥ ದೊಡ್ಡ ಕಣದ ಮದ್ದುಗಳು ದಾಟುವುದಿಲ್ಲ. ಅದಕ್ಕೇ ಬಸುರಿಯರಿಗೆ ಅವನ್ನು ಧೈರ್ಯವಾಗಿ ಕೊಡುತ್ತಾರೆ. ಇನ್ನೊಂದು ವಿಷಯವಿದೆ. ಮಗುವಿನ ರಕ್ತ ತಾಯಿಯ ರಕ್ತಕ್ಕಿಂತ ಒಂದಿಷ್ಟು ಹೆಚ್ಚು ಆಮ್ಲೀಯ. ಪೆಥಿಡಿನ್‌ನಂಥ ಕ್ಷಾರ ಗುಣದ ಮದ್ದು ಅಲ್ಲಿಗೆ ಹೋದ ಮೇಲೆ ರೂಪ ಬದಲಿಸಿ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲಾರದೆ ಅಲ್ಲೇ ಉಳಿಯುತ್ತದೆ. ಮಗುವಿಗೆ ಉಸಿರು ಸಾಲದೆ ಕಷ್ಟವಾಗಿದ್ದರೆ ರಕ್ತ ಇನ್ನಷ್ಟು ಆಮ್ಲೀಯವಾಗುತ್ತದೆ, ಮದ್ದು ಇನ್ನಷ್ಟು ಶೇಖರವಾಗುತ್ತದೆ. ತೊಂದರೆಯಲ್ಲಿರುವ ಕೂಸಿಗೇ ಹೊರೆ ಹೆಚ್ಚು.

ಹುಟ್ಟಿದ ಮೇಲೆ ಅದನ್ನು ಹೊರಹಾಕುವ ಕೆಲಸ ಮಗುವಿನ ಪಿತ್ತಜನಕಾಂಗದ್ದು. ಅದಿನ್ನೂ ಬಲಿತಿರುವುದಿಲ್ಲ. ಪೆಥಿಡಿನ್ ತಾಯಿಯ ಮೈಯಲ್ಲಿ ಮೂರ್ನಾಲ್ಕು ಗಂಟೆಗೆ ಅರ್ಧಕ್ಕೆ ಇಳಿದರೆ ಕೂಸಿನಲ್ಲಿ ಅದರ ಹಲವು ಪಟ್ಟು ಹೊತ್ತು ಬೇಕು. ಅದು ಒಡೆದು ಆಗುವ ನಾರ್‌ಪೆಥಿಡಿನ್ ಎಂಬ ವಸ್ತುವಂತೂ ಹೊಸ ಕೂಸಿನಲ್ಲಿ ಅರ್ಧಕ್ಕಿಳಿಯಲು ಸುಮಾರು 60 ಗಂಟೆ ತೆಗೆದುಕೊಳ್ಳುತ್ತದೆ. ಎರಡೂವರೆ ದಿನ. ಅಷ್ಟು ಹೊತ್ತಿಗೆ ನಾರ್ಮಲ್ ಡೆಲಿವರಿಯಾದವರು ಎಷ್ಟೋ ಜನ ಮನೆಗೇ ಹೋಗಿರುತ್ತಾರೆ.

ಕೊಟ್ಟ ಹೊತ್ತಿನ ಲೆಕ್ಕವೂ ವಿಚಿತ್ರ. ಇಂಜೆಕ್ಷನ್ ಕೊಟ್ಟು ಒಂದು ಗಂಟೆಯೊಳಗೆ ಹೆರಿಗೆಯಾದರೆ ಮಗುವಿಗೆ ಇನ್ನೂ ಹೆಚ್ಚು ಸೇರಿರುವುದಿಲ್ಲ. ಎರಡರಿಂದ ಮೂರು ಗಂಟೆಯ ನಡುವೆ ಹುಟ್ಟಿದರೆ ಅದರ ಮೈಯಲ್ಲಿ ಮದ್ದು ತುಂಬಿರುವ ಹೊತ್ತದು. ಆಮೇಲಾದರೆ ಒಂದಿಷ್ಟು ತಾಯಿಯ ಕಡೆಗೇ ಮರಳಿ ಇಳಿದಿರುತ್ತದೆ. ಆದರೆ ಚೊಚ್ಚಲು ಹೆರಿಗೆ ಯಾವಾಗ ಆಗುತ್ತದೆ ಎಂದು ಯಾರು ಹೇಳಬಲ್ಲರು? ಅನುಭವದ ಸಿಸ್ಟರ್ ಒಳಪರೀಕ್ಷೆ ಮಾಡಿ ‘ಇನ್ನೂ ಆರು ಗಂಟೆ ಇದೆ’ ಎಂದ ಹೆರಿಗೆ ಎರಡೂವರೆ ಗಂಟೆಗೆ ಆಗಿಬಿಡುತ್ತದೆ.

ನನ್ನ ತಂಗಿಗೆ ಆದದ್ದು ಹೀಗೇ. ನಮ್ಮ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅವಳ ಚೊಚ್ಚಲು ಹೆರಿಗೆ. ಕೂಸು ಹುಟ್ಟುತ್ತಲೇ ಅತ್ತಿತು, ಅಂಕವೂ ಚೆನ್ನಾಗಿಯೇ ಬಂತು. ಆಮೇಲೆ ಮಲಗಿದ್ದು ಏಳಲೇ ಇಲ್ಲ. ಎದೆಗೆ ಹಿಡಿದರೆ ತುಟಿಗೆ ಮೊಲೆ ತಾಗಿದ್ದೇ ಬಾಯಿ ತೆರೆಯುತ್ತಿತ್ತು, ಎರಡು ಸಲ ಚೀಪುತ್ತಿತ್ತು, ದವಡೆ ಸಡಿಲಾಗಿ ನಿದ್ದೆ. ಅಂಗಾಲು ತಟ್ಟಿದೆವು, ಕಿವಿಯ ಹಿಂದೆ ಒದ್ದೆ ಬಟ್ಟೆ ಒತ್ತಿದೆವು. ಹಣೆ ಗಂಟಿಕ್ಕಿ ಮತ್ತೆ ಅದೇ ನಿದ್ದೆ. ಬೆಳಗಾಗುವ ಹೊತ್ತಿಗೆ ಮಂಚದ ಸುತ್ತ ಮಾತು ಶುರುವಾಯಿತು. ‘ಎದೇಲಿ ಹಾಲೇ ಇಳಿದಿಲ್ಲ ಕಣೆ’ ಎಂದರು ಒಬ್ಬರು. ‘ಮೊಲೆತೊಟ್ಟು ಒಳಗಿದೆ, ಅದಕ್ಕೆ ಕೂಸಿಗೆ ಸಿಗ್ತಿಲ್ಲ’ ಎಂದರು ಇನ್ನೊಬ್ಬರು. ತಂಗಿಯ ಅತ್ತೆ ಜೇನಿನ ಬಾಟ್ಲಿ ತಂದಿದ್ದರು, ಪಕ್ಕದ ಮಂಚದವರು ಲ್ಯಾಕ್ಟೋಜನ್ ಡಬ್ಬಿ ತೋರಿಸಿದರು. ಹೊಲಿಗೆಯ ನೋವಿನಲ್ಲಿ ಕೂರಲೂ ಆಗದೆ ಇದ್ದ ತಂಗಿ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ‘ಅಕ್ಕ, ನನಗೆ ಒಂದು ಹಾಲು ಕುಡಿಸೋಕೂ ಬರಲ್ವಲ್ಲ.’

ಬೆಳಗಿನ ಪಾಳಿಗೆ ಬಂದ ಹಿರಿಯ ಸಿಸ್ಟರ್ ಒಬ್ಬರು ಮಗುವನ್ನು ಎತ್ತಿಕೊಳ್ಳುವ ಮೊದಲು ಮಂಚದ ಕಾಲಿಗೆ ನೇತು ಹಾಕಿದ್ದ ಕೇಸ್ ಶೀಟ್ ತೆಗೆದರು. ಬೆರಳಿಟ್ಟು ಓದಿದರು. ‘ಹನ್ನೊಂದಕ್ಕೆ ಇಂಜೆಕ್ಷನ್ ಆಗಿದೆ. ಒಂದೂವರೆಗೆ ಹೆರಿಗೆ. ನೋಡಮ್ಮ, ಹಾಲಿಲ್ದೆ ಇರೋದಲ್ಲ ಇದು, ಮಗು ಇನ್ನೂ ಮಂಪರಲ್ಲಿದೆ. ಹೆದರಬೇಡ.’ ಕೂಸಿನ ಉಸಿರು, ಬಣ್ಣ, ಮೈ ಬಿಸಿ ನೋಡಿದರು. ಸಕ್ಕರೆ ಪರೀಕ್ಷೆಗೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆಸಿದರು. ಸುತ್ತಿದ್ದ ಬಟ್ಟೆಯೆಲ್ಲ ಬಿಚ್ಚಿ, ಬರೀ ಚಡ್ಡಿಯಲ್ಲಿ ತಾಯಿಯ ಬರಿಯೆದೆಯ ಮೇಲೆ ಮಲಗಿಸಿ ಮೇಲೆ ಶಾಲು ಹೊದಿಸಿದರು. ಆಮೇಲೆ ತಂಗಿಯ ಕೈಯನ್ನು ತಾವೇ ಹಿಡಿದು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಮೊಲೆತೊಟ್ಟಿನಿಂದ ಸ್ವಲ್ಪ ಹಿಂದೆ, ಎದೆಯ ಕಡೆಗೆ ಒತ್ತಿ ಮುಂದಕ್ಕೆ ಹಿಂಡುವುದನ್ನು ತೋರಿಸಿಕೊಟ್ಟರು. ಹಳದಿಯಾದ ಗಟ್ಟಿ ಹನಿಗಳು ಬಂದವು. ಒಂದು ಚಮಚವೂ ತುಂಬಲಿಲ್ಲ. ‘ಇಷ್ಟೇ ಸಾಕು, ಅದರ ಹೊಟ್ಟೆ ಎಷ್ಟಿದೆ ಹೇಳು’ ಎಂದು ಒಳಲೆಯಲ್ಲಿ ಹನಿ ಹನಿಯಾಗಿ ತುಟಿಯ ಮೂಲೆಗೆ ಬಿಟ್ಟರು. ಕೂಸು ನುಂಗಿತು. ಜೇನಿನ ಬಾಟ್ಲಿಯನ್ನು ಅತ್ತೆಯ ಕೈಯಿಂದ ತೆಗೆದು ಕಿಟಕಿಯಲ್ಲಿಟ್ಟು, ಒಂದು ವರ್ಷ ತುಂಬುವ ತನಕ ಇದು ಬೇಡಮ್ಮ ಎಂದು ಗೌರವದಿಂದಲೇ ಹೇಳಿದರು.

ಮಾರನೆಯ ದಿನ ಕೂಸು ತಾನಾಗಿ ಎದ್ದು ಹಸಿವಿಗೆ ಅತ್ತಿತು. ಆ ನಿದ್ದೆಗೆ ಇಂಜೆಕ್ಷನ್ನೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಮದ್ದು ಮುಟ್ಟದ ತಾಯಂದಿರ ಮಕ್ಕಳೂ ಮೊದಲ ದಿನ ಹೆಚ್ಚು ನಿದ್ದೆ ಮಾಡುತ್ತವೆ, ಉದ್ದನೆಯ ಹೆರಿಗೆಯಲ್ಲಿ ದಣಿದ ಮಕ್ಕಳೂ ಹಾಗೆ. ಆದರೆ ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರು ಅವರೊಬ್ಬರೇ. ಉಳಿದವರೆಲ್ಲ ತಾಯಿಯ ಎದೆಯಲ್ಲಿ ತಪ್ಪು ಹುಡುಕುತ್ತಿದ್ದೆವು.

ಇದು ಆ ಸಿಸ್ಟರ್ ಒಬ್ಬರ ಊಹೆಯಲ್ಲ ಎನ್ನುವುದು ಆಮೇಲೆ ಓದುತ್ತಾ ತಿಳಿಯಿತು. ಅಮೆರಿಕದ ಮಕ್ಕಳ ತಜ್ಞ ಬೆರಿ ಬ್ರೇಜಲ್ಟನ್ 1961ರಲ್ಲೇ, ಹೆರಿಗೆಯಲ್ಲಿ ಮಂಪರಿನ ಮದ್ದು ತೆಗೆದುಕೊಂಡ ತಾಯಂದಿರ ಮಕ್ಕಳು ಹಾಲು ಕುಡಿಯಲು ಹಿಡಿತ ಕಂಡುಕೊಳ್ಳುವುದು ತಡ ಎಂದು ಬರೆದಿದ್ದರು. 1990ರಲ್ಲಿ ಸ್ವೀಡನ್ನಿನಲ್ಲಿ ರಿಗಾರ್ಡ್ ಮತ್ತು ಅಲಾಡೆ 72 ಕೂಸುಗಳನ್ನು ಹುಟ್ಟಿದ ಮೊದಲ ಎರಡು ಗಂಟೆ ಕೂತು ನೋಡಿದರು. ಸುಮ್ಮನೆ ತಾಯಿಯ ಎದೆಯ ಮೇಲೆ ಬಿಟ್ಟರೆ ಕೂಸು ತಾನಾಗಿಯೇ ತೆವಳಿ ಮೊಲೆ ಹುಡುಕಿ ಹಿಡಿಯುತ್ತದೆ. ತೂಕ ಮಾಡಲು, ಒರೆಸಲು ಎಂದು ನಡುವೆ ಎತ್ತಿಕೊಂಡು ಹೋದ ಮಕ್ಕಳಲ್ಲಿ ಈ ಹುಡುಕಾಟ ಕೆಟ್ಟಿತು. ತಾಯಿಗೆ ಪೆಥಿಡಿನ್ ಕೊಟ್ಟಿದ್ದ 40 ಮಕ್ಕಳಲ್ಲಿ 25 ಮಕ್ಕಳು ಆ ಹೊತ್ತಿನಲ್ಲಿ ಚೀಪಲೇ ಇಲ್ಲ. ಎರಡೂ ಸೇರಿದವುಗಳ ಪಾಡು ಎಲ್ಲಕ್ಕಿಂತ ಕಷ್ಟ. 2001ರಲ್ಲಿ ಸ್ವೀಡನ್ನಿನದೇ ಇನ್ನೊಂದು ತಂಡ 28 ಮಕ್ಕಳ ವಿಡಿಯೋ ಮಾಡಿ ಕೈಗಳ ಚಲನೆಯನ್ನು ಗಮನಿಸಿತು. ಮದ್ದಿಲ್ಲದ ಮಕ್ಕಳು ಪುಟ್ಟ ಅಂಗೈಯಿಂದ ತಾಯಿಯ ಎದೆಯನ್ನು ಒತ್ತುತ್ತವೆ, ಬಿಡುತ್ತವೆ, ಬೆರಳನ್ನು ಬಾಯಿಗೊಯ್ಯುತ್ತವೆ, ಮತ್ತೆ ಎದೆಗೆ ತರುತ್ತವೆ. ಮದ್ದು ಸೇರಿದ ಮಕ್ಕಳಲ್ಲಿ ಈ ಕೈಕೆಲಸ ಕುಂದಿತ್ತು.

ಇವೆಲ್ಲ ಸಣ್ಣ ಸಂಖ್ಯೆಯ ನೋಟಗಳು ಎನ್ನುವುದು ನಿಜ. ಮಂಪರು ಇಳಿದು ಹೋಗುವಂಥದ್ದು ಎನ್ನುವುದೂ ನಿಜ. ಉಸಿರಾಟವೇ ಮಂದವಾದರೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಗಾಳಿ ಕೊಡಲು ಬರುವವರು ಪಕ್ಕದಲ್ಲಿರಬೇಕು. ಮೊದಲ ಚಿಕಿತ್ಸೆ ಗಾಳಿಯೇ. ಹಿಂದೆ ನಲೋಕ್ಸೋನ್ ಎಂಬ ವಿರುದ್ಧ ಮದ್ದನ್ನು ಓಡಿ ಬಂದು ಕೊಡುತ್ತಿದ್ದರು, ಈಗ ಅದನ್ನು ಮೊದಲ ಹೆಜ್ಜೆಯಾಗಿ ಹೇಳುವುದಿಲ್ಲ. ಇಷ್ಟು ಸಿದ್ಧತೆಯಿರುವ ಕಡೆ ಈ ಇಂಜೆಕ್ಷನ್ನಿಗೆ ಹೆದರಿ ನಡುಗಬೇಕಿಲ್ಲ. ನನ್ನ ಚಿಂತೆ ಆ ಮೊದಲ ಒಂದೆರಡು ದಿನಗಳದ್ದು. ನಮ್ಮಲ್ಲಿ ಆ ದಿನಗಳಲ್ಲೇ ಬಾಟ್ಲಿ ಮನೆಯೊಳಗೆ ಬರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ನೂರಕ್ಕೆ ಸುಮಾರು 42. ಇದಕ್ಕೆ ಸಿಸೇರಿಯನ್, ಮಗುವನ್ನು ಬೇರೆ ಕೋಣೆಗೆ ಒಯ್ಯುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲುವ ಹಳೆಯ ಅಭ್ಯಾಸ, ಹೀಗೆ ಕಾರಣಗಳು ಹಲವು. ಮಂಪರಿನ ಮದ್ದೂ ಆ ಸಾಲಿನಲ್ಲಿದೆ, ಅದರ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ.

ಈಗ ಎಪಿಡ್ಯೂರಲ್. ನಮ್ಮ ಹೆಂಗಸರು ‘ಬೆನ್ನಿಗೆ ಕೊಡೋದು’ ಎಂದು ಹೇಳಿ ಹೆಚ್ಚು ಹೆದರುವುದು ಇದಕ್ಕೆ. ಮಗುವಿನ ಮಟ್ಟಿಗೆ ನೋಡಿದರೆ ಸೊಂಟದ ಇಂಜೆಕ್ಷನ್ನಿಗಿಂತ ಇದೇ ಹಗುರ. ಬೆನ್ನುಮೂಳೆಗಳ ನಡುವೆ ಸಣ್ಣ ಕೊಳವೆ ಇಳಿಸಿ, ನರಗಳ ಹತ್ತಿರಕ್ಕೇ ಬುಪಿವಕೇನ್‌ನಂಥ ಮರಗಟ್ಟಿಸುವ ಮದ್ದನ್ನು ತೀರ ತೆಳುವಾಗಿ ಬಿಡುತ್ತಾರೆ, ಜತೆಗೆ ಪೆಥಿಡಿನ್ ಜಾತಿಯದೇ ಆದ ಫೆಂಟನಿಲ್ ಸ್ವಲ್ಪ. ತಾಯಿಯ ರಕ್ತಕ್ಕೆ ಸೇರುವುದು ಕಡಿಮೆ, ಆದ್ದರಿಂದ ಮಗುವಿಗೂ ಕಡಿಮೆ. ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2018ರ ವಿಮರ್ಶೆ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರ 40 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಐದು ನಿಮಿಷದ ಅಪ್ಗಾರ್ ಅಂಕದಲ್ಲಾಗಲಿ, ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ (ಎನ್‌ಐಸಿಯು) ಸೇರಿಸಬೇಕಾದ ಮಕ್ಕಳ ಸಂಖ್ಯೆಯಲ್ಲಾಗಲಿ ಎಪಿಡ್ಯೂರಲ್‌ನಿಂದ ಕೆಡುಕು ಕಾಣಲಿಲ್ಲ. ಪೆಥಿಡಿನ್ ಜಾತಿಯ ಮದ್ದು ಪಡೆದವರ ಮಕ್ಕಳಿಗಿಂತ ಇವರ ಮಕ್ಕಳಿಗೆ ನಲೋಕ್ಸೋನ್ ಬೇಕಾದದ್ದು ಕಡಿಮೆ. ಸಿಸೇರಿಯನ್ ಹೆಚ್ಚಲಿಲ್ಲ.

ಹಾಗೆಂದು ಅದು ಮಗುವನ್ನು ಮುಟ್ಟುವುದೇ ಇಲ್ಲ ಎನ್ನಲಾಗದು. ಕೆಲವು ತಾಯಂದಿರ ಬಿ.ಪಿ. ಇಳಿಯುತ್ತದೆ, ಆಗ ಮಗುವಿನ ಎದೆಬಡಿತ ನಿಧಾನವಾಗಬಹುದು. ಅದಕ್ಕೇ ಕೊಟ್ಟ ಮೇಲೆ ಬಿಟ್ಟೂ ಬಿಡದೆ ನೋಡುತ್ತಾರೆ. ಹೊತ್ತು ಹೆಚ್ಚಾದಂತೆ ಕೆಲವರಿಗೆ ಜ್ವರ ಬರುತ್ತದೆ. ತಾಯಿಗೆ ಜ್ವರ ಬಂತೆಂದರೆ ಮಗುವಿಗೆ ಸೋಂಕಿದೆಯೋ ಎಂದು ರಕ್ತ ಪರೀಕ್ಷೆ, ಆಂಟಿಬಯಾಟಿಕ್, ಒಂದೆರಡು ದಿನ ಬೇರೆ ವಾರ್ಡು. ಮಗುವನ್ನು ತಾಯಿಯಿಂದ ದೂರ ಮಾಡುವ ದಾರಿ ಇದೂ ಒಂದು. ಫೆಂಟನಿಲ್ ವಿಷಯದಲ್ಲಿ ವಾದ ನಡೆದೇ ಇದೆ. 2005ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲೊಂದು ಮಗುವಿಗೆ ಹಾಲು ಕುಡಿಸಿದ ಅನುಭವವಿದ್ದ ತಾಯಂದಿರ ಮೇಲೆ ನಡೆದ ಪ್ರಯೋಗದಲ್ಲಿ, ಹೆಚ್ಚು ಫೆಂಟನಿಲ್ ಪಡೆದವರಲ್ಲಿ ನೂರಕ್ಕೆ 17 ಮಂದಿ ಆರು ವಾರಕ್ಕೆ ಎದೆಹಾಲು ಬಿಟ್ಟಿದ್ದರು. ಕಡಿಮೆ ಪಡೆದವರಲ್ಲಿ 5, ಪಡೆಯದವರಲ್ಲಿ 2. 2017ರಲ್ಲಿ ಪ್ರಕಟವಾದ, ಇಂಥ ತಾಯಂದಿರದೇ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ, ಎಲ್ಲ ಗುಂಪಿನಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚು ತಾಯಂದಿರು ಆರು ವಾರದ ನಂತರವೂ ಹಾಲು ಕುಡಿಸುತ್ತಿದ್ದರು. ನನಗೆ ತೋರುವುದು ಇಷ್ಟು: ಇವತ್ತಿನ ತೆಳು ಪ್ರಮಾಣದಲ್ಲಿ ಕೊಟ್ಟು, ಆಮೇಲೆ ಹಾಲು ಕುಡಿಸಲು ಕೈಹಿಡಿಯುವವರಿದ್ದರೆ ಎಪಿಡ್ಯೂರಲ್‌ನಿಂದ ಎದೆಹಾಲು ನಿಲ್ಲುವುದಿಲ್ಲ.

ಇನ್ನು ಆಟಿಸಂ, ಮಗುವಿನ ಮಾತು, ಜನರೊಡನೆ ಬೆರೆಯುವುದು ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ, ಎಪಿಡ್ಯೂರಲ್ ಪಡೆದವರ ಮಕ್ಕಳಲ್ಲಿ ಆಟಿಸಂ, ಪಡೆಯದವರ ಮಕ್ಕಳಿಗಿಂತ ನೂರಕ್ಕೆ 37ರಷ್ಟು ಹೆಚ್ಚು ಎಂದಿತು. ಸುದ್ದಿ ಬೆಂಕಿಯಂತೆ ಹಬ್ಬಿತು, ನಮ್ಮ ಬಸುರಿಯರ ಗುಂಪುಗಳಿಗೂ ಬಂತು. ಅಮೆರಿಕದ ಅರಿವಳಿಕೆ ಮತ್ತು ಹೆರಿಗೆ ತಜ್ಞರ ಸಂಘಗಳು ಒಟ್ಟಾಗಿ ಆಕ್ಷೇಪಿಸಿದವು: ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. 2021ರಲ್ಲಿ ಕೆನಡಾ ಮತ್ತು ಡೆನ್ಮಾರ್ಕಿನ ದೊಡ್ಡ ಲೆಕ್ಕಗಳು ಬಂದವು. ಒಂದೇ ತಾಯಿಯ ಮಕ್ಕಳಲ್ಲಿ ಎಪಿಡ್ಯೂರಲ್ ಪಡೆದ ಹೆರಿಗೆಯದನ್ನೂ ಪಡೆಯದ ಹೆರಿಗೆಯದನ್ನೂ ಹೋಲಿಸಿ ನೋಡಿದಾಗ ಇಂಥ ಸಂಬಂಧ ನಿಲ್ಲಲಿಲ್ಲ. ಆಟಿಸಂ ಇರುವ ಮಗುವಿನ ತಾಯಿಯೊಬ್ಬರು ನನಗೆ ಪರಿಚಯ. ‘ನಾನು ಅವತ್ತು ನೋವು ತಡ್ಕೊಂಡಿದ್ರೆ...’ ಎಂದು ಅವರು ಈಗಲೂ ಹೇಳುತ್ತಾರೆ. ಮೊದಲ ಸುದ್ದಿ ಅವರಿಗೆ ಹತ್ತು ಕಡೆಯಿಂದ ತಲುಪಿತ್ತು, ಎರಡನೆಯದು ಒಂದು ಕಡೆಯಿಂದಲೂ ತಲುಪಿರಲಿಲ್ಲ. ಈ ಬರಹದಲ್ಲಿ ಒಂದೇ ಒಂದು ಪ್ಯಾರಾವನ್ನು ನೀವು ಯಾರಿಗಾದರೂ ಕಳಿಸುವುದಾದರೆ ಇದನ್ನು ಕಳಿಸಿ.

ಮದ್ದಿನ ಕೆಡುಕು ಎಣಿಸುವಾಗ ನೋವಿನ ಕೆಡುಕನ್ನು ಮರೆಯುತ್ತೇವೆ. ತಡೆಯಲಾರದ ನೋವಿನಲ್ಲಿ ಹೆಂಗಸು ಏದುಸಿರು ಬಿಡುತ್ತಾಳೆ, ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಗರ್ಭಕೋಶದ ರಕ್ತನಾಳಗಳು ಕುಗ್ಗುತ್ತವೆ, ಮಗುವಿಗೆ ಹೋಗುವ ಆಮ್ಲಜನಕ ತಗ್ಗುತ್ತದೆ. ಎಪಿಡ್ಯೂರಲ್ ಪಡೆದವರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಮ್ಲದ ಹೊರೆ ಕಡಿಮೆಯಿರುವುದನ್ನು ಬ್ರಿಟನ್ನಿನ ಫೆಲಿಸಿಟಿ ರೆನಾಲ್ಡ್ಸ್ ಮತ್ತು ಸಂಗಡಿಗರು 2002ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ತೋರಿಸಿದರು. ‘ಮಗುವಿಗೋಸ್ಕರ ಸಹಿಸಿಕೋ’ ಎನ್ನುವ ಮಾತು ಯಾವಾಗಲೂ ಮಗುವಿನ ಪರವಾಗಿರುವುದಿಲ್ಲ.

ನಮ್ಮ ಲೇಬರ್ ವಾರ್ಡುಗಳಲ್ಲಿ ನನಗೆ ಹೊಟ್ಟೆಯುರಿಯುವುದು ಇಲ್ಲಿ. ನೋವು ಬರಿಸುವ ಡ್ರಿಪ್ ಹಾಕುವಾಗ ಎಷ್ಟೋ ಕಡೆ ಕೇಳುವುದೇ ಇಲ್ಲ. ‘ಗ್ಲುಕೋಸ್ ಹಾಕಿದೀವಿ’ ಎನ್ನುತ್ತಾರೆ, ಅದರೊಳಗೆ ಆಕ್ಸಿಟೋಸಿನ್ ಇರುತ್ತದೆ, ಬೇನೆ ಒಂದರ ಮೇಲೊಂದು ಬರತೊಡಗುತ್ತದೆ. ಆಕ್ಸಿಟೋಸಿನ್‌ನಿಂದ ಜೀವ ಉಳಿದ ಹೆರಿಗೆಗಳು ಲೆಕ್ಕವಿಲ್ಲದಷ್ಟಿವೆ, ಅದನ್ನು ಬೇಡವೆನ್ನುವುದಿಲ್ಲ. ಆದರೆ ನೋವನ್ನು ಹೆಚ್ಚಿಸಲು ಮದ್ದು ಹಾಕಿದವರಿಗೆ ಅದನ್ನು ತಗ್ಗಿಸುವ ಹೊಣೆಯೂ ಬರುತ್ತದೆ. ‘ಅಮ್ಮಾ’ ಎಂದು ಕೂಗಿದವಳಿಗೆ ಗದರುವುದು ಆ ಹೊಣೆಯನ್ನು ಹೊತ್ತಂತಲ್ಲ. ಎಪಿಡ್ಯೂರಲ್‌ಗೆ ಹಗಲು ರಾತ್ರಿ ಅರಿವಳಿಕೆ ಡಾಕ್ಟರು ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವ ಒಬ್ಬರು ಸಿಸೇರಿಯನ್‌ಗಳ ಹಿಂದೆಯೇ ಓಡುತ್ತಿರುತ್ತಾರೆ. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ ಬೆರೆಸಿದ ಎಂಟೊನಾಕ್ಸ್ ಎಂಬ ಗಾಳಿಯಿದೆ. ತಾಯಿಯೇ ಮಾಸ್ಕ್ ಹಿಡಿದು ಬೇನೆ ಬಂದಾಗ ಎಳೆದುಕೊಳ್ಳುವುದು. ನೋವನ್ನು ಪೂರ್ತಿ ತೆಗೆಯುವುದಿಲ್ಲ, ಆದರೆ ಮಗು ನಾಲ್ಕು ಉಸಿರು ಬಿಟ್ಟರೆ ಅದರ ಮೈಯಿಂದ ಹೋಗಿಬಿಡುತ್ತದೆ. ಬ್ರಿಟನ್ನಿನಲ್ಲಿ ಇದು ಸಾಮಾನ್ಯ. ನಮ್ಮಲ್ಲಿ ಕೇಳಿ ನೋಡಬೇಕು, ಇರುವ ಕಡೆ ಇದೆ.

ಯಾವ ಮದ್ದೂ ಅಲ್ಲದ ಇನ್ನೊಂದು ಉಪಾಯವಿದೆ, ಮಗುವಿಗೆ ಒಳ್ಳೆಯದೇ ಆಗುವಂಥದ್ದು. ಬೇನೆ ಪೂರ್ತಿ ಒಬ್ಬರು ಜತೆಗಿರುವುದು. ಸೊಂಟ ಒತ್ತಿ ನೀವುವುದು, ನಡೆಸುವುದು, ನೀರು ಕೊಡುವುದು, ಕೈ ಹಿಡಿದಿರುವುದು. 2017ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಹೀಗೆ ಜತೆಯಿದ್ದವರಿಗೆ ನೋವಿನ ಮದ್ದು ಬೇಕಾದದ್ದೂ ಕಡಿಮೆ, ಸಿಸೇರಿಯನ್ನೂ ಕಡಿಮೆ, ಐದು ನಿಮಿಷಕ್ಕೆ ಅಂಕ ಕಡಿಮೆ ಬಂದ ಮಕ್ಕಳೂ ಕಡಿಮೆ. ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಹೆರಿಗೆ ಕೋಣೆಯಲ್ಲಿ ಜತೆಗಾತಿ ಇರಬೇಕೆಂದೇ ಇದೆ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ತಾಯಿ, ಅಕ್ಕ, ಅತ್ತೆ ಎಲ್ಲರೂ ಬಾಗಿಲಾಚೆ ಬೆಂಚಿನ ಮೇಲೆ.

ತಂಗಿ ಈಗ ಎರಡನೆಯದಕ್ಕೆ ಬಸುರಿ. ಈ ಸಲ ಡಾಕ್ಟರ ಬಳಿ ಹೋದಾಗ ತಾಯಿ ಕಾರ್ಡಿನ ಜತೆ ಪ್ರಶ್ನೆಗಳನ್ನೂ ಬರೆದುಕೊಂಡು ಹೋದೆವು. ನೋವಿಗೆ ನಿಮ್ಮಲ್ಲಿ ಏನೇನು ಕೊಡುತ್ತೀರಿ, ಅದರ ಹೆಸರೇನು? ಇಂಜೆಕ್ಷನ್ ಆದರೆ ಕೊಟ್ಟ ಗಂಟೆಯನ್ನು ನಮಗೂ ಹೇಳುತ್ತೀರಾ, ಮಗು ನೋಡುವ ಡಾಕ್ಟರಿಗೂ ಹೇಳುತ್ತೀರಾ? ಹುಟ್ಟಿದ ತಕ್ಷಣ ಎದೆಯ ಮೇಲೆ ಮಲಗಿಸಿ, ಮೊದಲ ಹಾಲು ಕುಡಿಯುವ ತನಕ ತೂಕಕ್ಕೆ ಒಯ್ಯದೆ ಇರಬಹುದಾ? ಮಗು ಮಂಪರಲ್ಲಿದ್ದರೆ ಹಾಲು ಹಿಂಡಿ ಕುಡಿಸಲು ಯಾರು ಕಲಿಸುತ್ತಾರೆ? ಡಾಕ್ಟರಮ್ಮ ಒಂದಕ್ಕೂ ಬೇಸರಿಸಲಿಲ್ಲ. ‘ಎಪಿಡ್ಯೂರಲ್ ಹಗಲು ಸಿಗುತ್ತೆ. ರಾತ್ರಿ ಅನಸ್ತೇಶಿಯಾ ಡಾಕ್ಟರನ್ನ ಹೊರಗಿಂದ ಕರೆಸಬೇಕು, ಅವರು ಬರೋದು ಎಷ್ಟು ಹೊತ್ತಾಗುತ್ತೋ ಮಾತು ಕೊಡಲಾರೆ. ಇಂಜೆಕ್ಷನ್ ಕೊಡೋ ಮೊದಲು ಹೆರಿಗೆ ಎಷ್ಟು ಹತ್ತಿರ ಇದೆ ನೋಡಿ, ನಿಮಗೆ ಹೇಳೇ ಕೊಡ್ತೀವಿ. ಒಬ್ಬರು ಒಳಗೆ ಇರಬಹುದು’ ಎಂದರು. ಒಳಗಿರುವುದು ನಾನೇ ಎಂದುಕೊಂಡಿದ್ದೆ; ಅತ್ತೆ ತಾವೇ ಇರುತ್ತೇವೆಂದು ಪಟ್ಟು ಹಿಡಿದಿದ್ದಾರೆ, ಈ ಸಲ ಜೇನು ತರುವುದಿಲ್ಲವಂತೆ. ಹೊರಗೆ ಬಂದ ಮೇಲೆ ತಂಗಿಯನ್ನು ಕೇಳಿದೆ, ಹಾಗಾದರೆ ನೋವಿಗೆ ಏನಾದರೂ ತಗೊಳ್ತೀಯೋ ಹೇಗೆ ಎಂದು.

‘ಬೇನೆ ಶುರುವಾಗಲಿ ಅಕ್ಕ, ಆಗ ನೋಡ್ಕೊಂಡು ಹೇಳ್ತೀನಿ. ಈಗಲೇ ಬೇಡ ಅಂತ ಯಾಕೆ ಒಪ್ಕೊಳ್ಲಿ?’ ಎಂದಳು.